ಪೆನ್ನೇ ಸಾಕೆ, ಸೆನ್ಸರ್ ಹಾಕಿಸಬೇಕೆ, ತಾನೇ ಇನ್ಸುಲಿನ್ ಕೊಡುವ ಪಂಪ್ ಕೊಳ್ಳಬೇಕೆ?

ದಾವಣಗೆರೆ ಕಡೆಯ ರೈತರೊಬ್ಬರು ಕಳೆದ ತಿಂಗಳು ಬರೆದಿದ್ದರು. ಅವರ ಒಂಬತ್ತು ವರ್ಷದ ಮಗಳಿಗೆ ಟೈಪ್ ಒನ್ ಡಯಾಬಿಟಿಸ್ (ಮೈ ತಾನೇ ಇನ್ಸುಲಿನ್ ಮಾಡಿಕೊಳ್ಳದ ಸಕ್ಕರೆ ಕಾಯಿಲೆ) ಅಂತ ಗೊತ್ತಾಗಿ ಎರಡು ವರ್ಷ. ದಿನಕ್ಕೆ ನಾಲ್ಕು ಸಲ ಪೆನ್ನಿನಂತಿರುವ ಸೂಜಿಯಲ್ಲಿ ಇನ್ಸುಲಿನ್, ಆರೇಳು ಸಲ ಬೆರಳು ಚುಚ್ಚಿ ಶುಗರ್ ನೋಡುವುದು, ರಾತ್ರಿ ಎರಡಕ್ಕೆ ಅಲಾರಂ ಇಟ್ಟುಕೊಂಡು ಏಳುವುದು. ಯಾರೋ ಅವರಿಗೆ, "ಈಗ ತಾನೇ ಶುಗರ್ ನೋಡ್ಕೊಂಡು ತಾನೇ ಇನ್ಸುಲಿನ್ ಕೊಡೋ ಪಂಪ್ ಬಂದಿದೆ, ಅದನ್ನ ಹಾಕ್ಸಿಬಿಡಿ" ಅಂದರಂತೆ. "ಒಂದೂವರೆ ಎಕರೆ ಹೊಲ ಇದೆ ಸಾರ್, ಅರ್ಧ ಎಕರೆ ಕೊಟ್ರೆ ಪಂಪ್ ಬರುತ್ತೆ. ಕೊಡ್ಲಾ?" ಇದು ಅವರ ಪ್ರಶ್ನೆ.

ಅದೇ ಹೊತ್ತಿಗೆ ಇನ್ನೂ ಮೂರು ಪತ್ರ ಬಂದವು. ಮಂಗಳೂರಿನ ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಯೊಬ್ಬನದು, ಮಗು ಬೇಕೆಂದು ತಯಾರಾಗುತ್ತಿರುವ ಹುಬ್ಬಳ್ಳಿಯ ಅಧ್ಯಾಪಕಿಯೊಬ್ಬರದು, ಕೆಲಸದ ಮೇಲೆ ಅಮೆರಿಕದ ಡಲ್ಲಾಸ್‌ಗೆ ಹೊರಟಿರುವ ಬೆಂಗಳೂರಿನ ದಂಪತಿಯದು. ನಾಲ್ವರೂ ಕೇಳಿದ್ದು ಒಂದೇ, ಯಾವುದು ಒಳ್ಳೆಯದು ಅಂತ. ನಾಲ್ವರಿಗೂ ಒಂದೇ ಉತ್ತರ ಕೊಟ್ಟರೆ ಮೋಸವಾಗುತ್ತದೆ.

ನನಗೆ ಟೈಪ್ ಒನ್ ಬಂದು ಇಪ್ಪತ್ತನಾಲ್ಕು ವರ್ಷ. ಗಾಜಿನ ಬಾಟಲಿಯಿಂದ ಸಿರಿಂಜಿಗೆ ಎಳೆದುಕೊಂಡು ಶುರುಮಾಡಿದವನು ಪೆನ್ನು, ಸೆನ್ಸರು, ಪಂಪು ಎಲ್ಲ ದಾಟಿ ಬಂದಿದ್ದೇನೆ. ಡಾಕ್ಟರಲ್ಲ, ಡೋಸಿನ ಮಾತನ್ನು ನಿಮ್ಮ ಡಾಕ್ಟರ ಹತ್ತಿರವೇ ಆಡಬೇಕು. ಆದರೆ ಯಾವ ಯಂತ್ರ ಯಾರ ಮನೆಗೆ ಹೊಂದುತ್ತದೆ ಎನ್ನುವುದನ್ನು ಬದುಕಿ ನೋಡಿದವರು ಹೇಳಬಲ್ಲರು. ಇಲ್ಲಿ ಬರುವ ಶುಗರ್ ಅಂಕಿಗಳೆಲ್ಲ ನಮ್ಮ ಮನೆಯ ಮೀಟರ್ ತೋರಿಸುವ ಲೆಕ್ಕದಲ್ಲೇ (mg/dL) ಇವೆ. ಟೈಪ್ ಟೂ ಇದ್ದು ಮಾತ್ರೆಯಲ್ಲಿರುವವರಿಗೆ ಈ ಬರಹದ ಅಗತ್ಯವಿಲ್ಲ.

"ತಾನೇ ಕೊಡುತ್ತದೆ" ಅಂದರೆ ಎಷ್ಟು?

ಈ ವ್ಯವಸ್ಥೆಯಲ್ಲಿ ಮೂರು ಭಾಗ. ತೋಳಿಗೋ ಹೊಟ್ಟೆಗೋ ಅಂಟಿಸಿದ ಸೆನ್ಸರ್ ಚರ್ಮದಡಿಯ ನೀರಿನಂಶದಲ್ಲಿ ಗ್ಲೂಕೋಸ್ ಎಷ್ಟಿದೆ ಎಂದು ಕೆಲವು ನಿಮಿಷಕ್ಕೊಮ್ಮೆ ಅಳೆಯುತ್ತದೆ. ಪಂಪ್ ಚರ್ಮದಡಿ ಇಟ್ಟ ಕ್ಯಾನುಲಾ ಎಂಬ ಸಣ್ಣ ನಳಿಕೆಯ ಮೂಲಕ ಇನ್ಸುಲಿನ್ ಹನಿಸುತ್ತದೆ. ಇವೆರಡರ ನಡುವೆ ಲೆಕ್ಕ ಹಾಕುವ ಪ್ರೋಗ್ರಾಂ ಶುಗರ್ ಇಳಿಯುತ್ತಿದ್ದರೆ ಹನಿ ಕಡಿಮೆ ಮಾಡುತ್ತದೆ, ಏರುತ್ತಿದ್ದರೆ ಹೆಚ್ಚಿಸುತ್ತದೆ. 1970ರ ದಶಕದಲ್ಲೇ ಬಯೋಸ್ಟೇಟರ್ ಎಂಬ ಯಂತ್ರ ಈ ಕೆಲಸ ಮಾಡುತ್ತಿತ್ತು, ಆದರೆ ಅದು ಆಸ್ಪತ್ರೆಯ ಹಾಸಿಗೆ ಪಕ್ಕ ನಿಲ್ಲಿಸುವಷ್ಟು ದೊಡ್ಡದು. ಜೇಬಿನಲ್ಲಿಟ್ಟುಕೊಂಡು ಮನೆಗೆ ಒಯ್ಯಬಹುದಾದ ಮೊದಲ ಹೈಬ್ರಿಡ್ ಯಂತ್ರ ಮಿನಿಮೆಡ್ 670ಜಿ. ಅದಕ್ಕೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು 2016ರ ಸೆಪ್ಟೆಂಬರಿನಲ್ಲಿ.

ಹೈಬ್ರಿಡ್ ಅನ್ನುವ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಅಂಗಡಿಯಲ್ಲಿ ಅದನ್ನು ಮೆಲ್ಲಗೆ ಹೇಳುತ್ತಾರೆ. ಅರ್ಧ ಕೆಲಸ ಯಂತ್ರದ್ದು, ಅರ್ಧ ನಮ್ಮದು. ರಾತ್ರಿ ಮಲಗಿದಾಗ, ಊಟದ ನಡುವಿನ ಹೊತ್ತಿನಲ್ಲಿ ಯಂತ್ರ ನೋಡಿಕೊಳ್ಳುತ್ತದೆ. ಊಟಕ್ಕೆ ಕೂರುವ ಮುಂಚೆ ಮಾತ್ರ, ಇಷ್ಟು ತಿನ್ನುತ್ತೇನೆ ಎಂದು ನಾವೇ ಹೇಳಬೇಕು. ಯಾಕೆಂದರೆ ಚರ್ಮದಡಿ ಕೊಟ್ಟ ಅತಿ ವೇಗದ ಇನ್ಸುಲಿನ್ ಕೂಡ ಕೆಲಸ ಶುರುಮಾಡಲು 10–15 ನಿಮಿಷ ಬೇಕು, ಅದರ ಬಲ ತುದಿ ಮುಟ್ಟಲು ಒಂದು ಗಂಟೆಯ ಮೇಲೆ, ಪೂರ್ತಿ ಇಳಿಯಲು 3ರಿಂದ 5 ಗಂಟೆ. ಸೆನ್ಸರ್ ತೋರಿಸುವ ಅಂಕಿಯೂ ರಕ್ತಕ್ಕಿಂತ 5–10 ನಿಮಿಷ ಹಿಂದೆ. ನಾಲ್ಕು ಇಡ್ಲಿ ತಿಂದ ಅರ್ಧ ಗಂಟೆಗೆ ಶುಗರ್ ಮೇಲೇರಿ ಕೂತಿರುತ್ತದೆ. ಏರಿದ್ದನ್ನು ನೋಡಿ ಆಮೇಲೆ ಕೊಡುವ ಇನ್ಸುಲಿನ್ ಬಸ್ಸು ಹೊರಟಮೇಲೆ ಸ್ಟ್ಯಾಂಡಿಗೆ ಬಂದ ಹಾಗೆ. ಹೀಗಾಗಿ ಹೈಬ್ರಿಡ್ ಯಂತ್ರಗಳು ಊಟದ ಜವಾಬ್ದಾರಿಯನ್ನು ಪೂರ್ತಿ ತೆಗೆದುಕೊಳ್ಳುವುದಿಲ್ಲ.

ಯಾವ ತಕ್ಕಡಿಯಲ್ಲಿ ತೂಗಬೇಕು

ಎಲ್ಲಕ್ಕಿಂತ ಮೊದಲು ರಾತ್ರಿಯ ಲೋ, ಅಂದರೆ ಶುಗರ್ ತೀರಾ ಇಳಿಯುವುದು. ನಿದ್ದೆಯಲ್ಲಿ ಶುಗರ್ 50ಕ್ಕೆ ಇಳಿದು ಎಚ್ಚರವೇ ಆಗದಿರುವುದು ನಮ್ಮ ಕಾಯಿಲೆಯ ಅತಿ ದೊಡ್ಡ ಭಯ. ವರ್ಷಗಳಾದಂತೆ ಕೆಲವರಿಗೆ ನಡುಕ, ಬೆವರು ಎಂಬ ಮುನ್ಸೂಚನೆಯೇ ನಿಂತುಹೋಗುತ್ತದೆ. ನನಗೂ ಕಾಯಿಲೆ ಬಂದ ಹದಿನೈದನೇ ವರ್ಷದ ಹೊತ್ತಿಗೆ ಹಾಗೇ ಆಯಿತು. ಅಂಥವರ ಆದ್ಯತೆ ಬೇರೆಯವರ ಹಾಗಲ್ಲ.

ಎರಡನೆಯದು ಟೈಮ್ ಇನ್ ರೇಂಜ್, ಅಂದರೆ ದಿನದ ಎಷ್ಟು ಹೊತ್ತು ಶುಗರ್ 70ರಿಂದ 180ರೊಳಗಿದೆ ಎನ್ನುವುದು. 2019ರ ಅಂತರರಾಷ್ಟ್ರೀಯ ಒಮ್ಮತದ ಪ್ರಕಾರ ಹೆಚ್ಚಿನವರಿಗೆ ಗುರಿ ಶೇ. 70ಕ್ಕಿಂತ ಹೆಚ್ಚು, 70ರ ಕೆಳಗೆ ಇರುವ ಹೊತ್ತು ಶೇ. 4ಕ್ಕಿಂತ ಕಡಿಮೆ. ಮೂರು ತಿಂಗಳ ಸರಾಸರಿ (ಶೇಕಡಾದಲ್ಲಿ ಬರುವ HbA1c ರಕ್ತಪರೀಕ್ಷೆ) ಒಂದನ್ನೇ ನೋಡುವವರು ಇದನ್ನೂ ಕೇಳುವುದು ಕಲಿಯಬೇಕು. 40 ಮತ್ತು 300ರ ನಡುವೆ ಜೋಲಿ ಹೊಡೆಯುವವರ ಸರಾಸರಿಯೂ ಚೆನ್ನಾಗಿಯೇ ಕಾಣುತ್ತದೆ.

ಮೂರನೆಯದು ನಮ್ಮ ಅಡುಗೆಮನೆ. ತಟ್ಟೆಯಲ್ಲಿರುವ ಕಾರ್ಬ್ (ಶುಗರ್ ಏರಿಸುವ ಪಿಷ್ಟ, ಸಕ್ಕರೆಯ ಅಂಶ) ಎಣಿಸಲು ನಿಮಗೆ ಬರುತ್ತದೆಯೇ, ಎಣಿಸುವ ತಾಳ್ಮೆ ದಿನಕ್ಕೆ ಮೂರು ಸಲ ಇರುತ್ತದೆಯೇ?

ನಾಲ್ಕನೆಯದು ದುಡ್ಡು. ಎಲ್ಲರೂ ತಪ್ಪುವುದು ಇಲ್ಲಿಯೇ. ಪಂಪಿನ ಬೆಲೆ ಒಂದು ಸಲದ್ದು, ಸೆನ್ಸರು, ಇನ್‌ಫ್ಯೂಷನ್ ಸೆಟ್ಟು (ಪಂಪಿನಿಂದ ಮೈಗೆ ಹೋಗುವ ನಳಿಕೆ, ಕ್ಯಾನುಲಾ), ರಿಸರ್ವಾಯರು (ಇನ್ಸುಲಿನ್ ತುಂಬುವ ಡಬ್ಬಿ) ತಿಂಗಳು ತಿಂಗಳಿನ ಖರ್ಚು. ಬೆಲೆ ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ನಾನು ರೂಪಾಯಿ ಹೇಳುವುದಿಲ್ಲ, ಎಣಿಕೆ ಹೇಳುತ್ತೇನೆ. ನೀವೇ ಅಂಗಡಿ ದರ ಹಾಕಿ ಗುಣಿಸಿಕೊಳ್ಳಿ. 14 ದಿನದ ಸೆನ್ಸರ್ ಆದರೆ ವರ್ಷಕ್ಕೆ 26 ಬೇಕು, 7 ದಿನದ್ದಾದರೆ 52. ಮೂರು ದಿನಕ್ಕೊಮ್ಮೆ ಬದಲಿಸುವ ಇನ್‌ಫ್ಯೂಷನ್ ಸೆಟ್ ವರ್ಷಕ್ಕೆ 122, ಏಳು ದಿನ ಬರುವ ಸೆಟ್ ಆದರೆ 52. ಇದರ ಮೇಲೆ ಹಾಳಾಗುವುದಕ್ಕೆಂದು ಹತ್ತರಲ್ಲಿ ಒಂದು ಸೇರಿಸಿ. ಸ್ನಾನದಲ್ಲಿ ಕಿತ್ತುಬರುತ್ತವೆ, ಮಕ್ಕಳ ಆಟದಲ್ಲಿ ಕಿತ್ತುಬರುತ್ತವೆ, ಬೇಸಿಗೆಯ ಬೆವರಿಗೆ ಅಂಟು ಬಿಡುತ್ತದೆ. ಬಂದ ಮೊತ್ತವನ್ನು ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿ. ಈ ಮೊತ್ತ ನಿಮ್ಮ ಕೈಗೆ ಎಟುಕದಿದ್ದರೆ ಪಂಪನ್ನು ಯಾರಾದರೂ ಉಚಿತವಾಗಿ ಕೊಟ್ಟರೂ ಉಪಯೋಗವಿಲ್ಲ. ಸೆನ್ಸರ್ ಇಲ್ಲದ ದಿನ ತಾನೇ ಕೊಡುವ ಪಂಪ್ ಬರೀ ಪಂಪ್, ಅಷ್ಟೇ.

ಕೊನೆಯದು, ಕೆಟ್ಟಾಗ ಯಾರು ಬರುತ್ತಾರೆ. ಬೆಂಗಳೂರಿನವರಿಗೂ ಸಿಂಧನೂರಿನವರಿಗೂ ಇದರ ಉತ್ತರ ಒಂದೇ ಅಲ್ಲ.

ಪೆನ್ನು ಮತ್ತು ಮೀಟರು

ಇದನ್ನು ಹಳೆಯದು ಎಂದು ತಳ್ಳಬೇಡಿ. ಒಂದು ದೀರ್ಘಾವಧಿ ಇನ್ಸುಲಿನ್, ಊಟಕ್ಕೊಂದು ವೇಗದ ಇನ್ಸುಲಿನ್, ದಿನಕ್ಕೆ ಐದಾರು ಸಲ ಸ್ಟ್ರಿಪ್ಪಿನಲ್ಲಿ ಶುಗರ್ ಪರೀಕ್ಷೆ. ಇಷ್ಟನ್ನು ಶ್ರದ್ಧೆಯಿಂದ ಮಾಡಿ ಮಕ್ಕಳನ್ನು ಬೆಳೆಸಿದ ಮನೆಗಳನ್ನು ನೂರಾರು ನೋಡಿದ್ದೇನೆ. ಕರೆಂಟ್ ಬೇಡ, ಫೋನ್ ಬೇಡ, ಯಾವ ತಾಲ್ಲೂಕಿನಲ್ಲೂ ಸಿಗುತ್ತದೆ. ಕೊರತೆ ಏನೆಂದರೆ ಎರಡು ಚುಚ್ಚುವಿಕೆಯ ನಡುವೆ ಶುಗರ್ ಎತ್ತ ಹೋಗುತ್ತಿದೆ ಎಂದು ಕಾಣುವುದಿಲ್ಲ, ರಾತ್ರಿಯಂತೂ ಪೂರ್ತಿ ಕತ್ತಲೆ. ಇನ್ಸುಲಿನ್ ಮತ್ತು ಸ್ಟ್ರಿಪ್ಪಿಗೇ ಕಷ್ಟವಿರುವ ಮನೆಯವರು ಪಂಪಿನ ಯೋಚನೆ ಬದಿಗಿಟ್ಟು ಮೊದಲು ಇವೆರಡು ತಪ್ಪದ ಹಾಗೆ ಮಾಡಿಕೊಳ್ಳಿ. ಬಡ ಮಕ್ಕಳಿಗೆ ಇನ್ಸುಲಿನ್, ಮೀಟರ್, ಸ್ಟ್ರಿಪ್ ಉಚಿತವಾಗಿ ಕೊಡುವ 'ಚೇಂಜಿಂಗ್ ಡಯಾಬಿಟಿಸ್ ಇನ್ ಚಿಲ್ಡ್ರನ್' ಕಾರ್ಯಕ್ರಮ ಭಾರತದಲ್ಲಿ 2011ರಿಂದ ನಡೆಯುತ್ತಿದೆ. ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ್ದೇ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಇದೆ. ನಿಮ್ಮ ಡಾಕ್ಟರ ಹತ್ತಿರ ಈ ಹೆಸರುಗಳನ್ನು ಹೇಳಿ ಕೇಳಿ.

ಪೆನ್ನು ಮತ್ತು ಸೆನ್ಸರು

ನನಗೆ ಒಂದೇ ಮಾತಿನಲ್ಲಿ ಹೇಳು ಎಂದರೆ ಇದನ್ನೇ ಹೇಳುತ್ತೇನೆ: ಕೈಯಲ್ಲಿರುವ ಮೊದಲ ದುಡ್ಡನ್ನು ಸೆನ್ಸರಿಗೆ ಹಾಕಿ, ಪಂಪಿಗಲ್ಲ.

ಅಮೆರಿಕದಲ್ಲಿ ದಿನಕ್ಕೆ ಹಲವು ಸಲ ಇನ್ಸುಲಿನ್ ಚುಚ್ಚಿಕೊಳ್ಳುವ 158 ವಯಸ್ಕರ ಮೇಲೆ ಡೈಮಂಡ್ ಎಂಬ ಅಧ್ಯಯನ ನಡೆಯಿತು, 2017ರಲ್ಲಿ ಪ್ರಕಟವಾಯಿತು. ಪೆನ್ನು ಬಿಡದೆ ಸೆನ್ಸರ್ ಮಾತ್ರ ಸೇರಿಸಿಕೊಂಡವರಲ್ಲಿ 24 ವಾರಗಳಲ್ಲಿ ಮೂರು ತಿಂಗಳ ಸರಾಸರಿ ಒಂದು ಅಂಕ ಇಳಿಯಿತು, ಬರೀ ಮೀಟರ್ ಬಳಸಿದವರಲ್ಲಿ 0.4 ಮಾತ್ರ. ಔಷಧಿ ಬದಲಾಗಿರಲಿಲ್ಲ, ಬದಲಾದದ್ದು ಕಣ್ಣಿಗೆ ಕಾಣುವುದು.

ನನ್ನದೇ ಅನುಭವ ಹೇಳುತ್ತೇನೆ. ಸೆನ್ಸರ್ ಹಾಕಿದ ಮೊದಲ ವಾರ ಮಧ್ಯಾಹ್ನದ ಮುದ್ದೆ ಊಟದ ಗೆರೆ ನೋಡಿ ದಂಗಾದೆ. ರಾಗಿ ಸಕ್ಕರೆ ಏರಿಸುವುದಿಲ್ಲ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದೆವು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬ್ ಇದೆ, ಅಕ್ಕಿಗಿಂತ ಅಂಥಾ ಕಡಿಮೆಯೇನಲ್ಲ. ಎರಡು ಮುದ್ದೆ ಉಂಡು ಒಂದು ಮುದ್ದೆಯ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದೆ, ಎಷ್ಟೋ ವರ್ಷ. ಇಂಥ ಪಾಠಗಳನ್ನು ಕಲಿಯದೆ ನೇರ ಪಂಪಿಗೆ ಹಾರಿದರೆ ಅದೇ ತಪ್ಪನ್ನು ಯಂತ್ರದ ಮೇಲೆ ಹೇರುತ್ತೇವೆ.

ಕೊಳ್ಳುವಾಗ ಒಂದನ್ನು ನೋಡಿ. ಕೆಲವು ಹಳೆಯ ಮಾದರಿಯ ಸೆನ್ಸರುಗಳು ನಾವು ಫೋನೋ ರೀಡರೋ ಹತ್ತಿರ ಹಿಡಿದಾಗ ಮಾತ್ರ ಅಂಕಿ ಕೊಡುತ್ತವೆ. ರಾತ್ರಿ ಲೋ ಆದರೆ ಕೂಗುವುದಿಲ್ಲ. ಮಗುವಿಗೆ, ಲೋ ಗೊತ್ತಾಗದವರಿಗೆ ಅಲಾರಂ ಕೂಗುವ ಮಾದರಿಯೇ ಬೇಕು. ಹಾಸ್ಟೆಲ್ ಹುಡುಗನಿಗೂ ಇದನ್ನೇ ಹೇಳಿದ್ದೇನೆ. ಅಲಾರಂ ಇರುವ ಸೆನ್ಸರ್ ಹಾಕು, ಅಂಕಿ ಊರಿನಲ್ಲಿರುವ ಅಮ್ಮನ ಫೋನಿಗೂ ಹೋಗುವ ಹಾಗೆ ಮಾಡು, ಕೊಠಡಿಯ ಗೆಳೆಯನಿಗೆ ಗ್ಲೂಕೋಸ್ ಪುಡಿ ಎಲ್ಲಿದೆ ಎಂದು ತೋರಿಸಿಡು. ಪೂರ್ತಿ ವರ್ಷ ಹಾಕಲಾಗದವರು ಎರಡು ತಿಂಗಳಿಗೊಮ್ಮೆ 14 ದಿನ ಹಾಕಿ, ಆ 14 ದಿನ ತಿಂದದ್ದನ್ನೆಲ್ಲ ಬರೆದಿಟ್ಟರೂ ಸಾಕಷ್ಟು ಕಲಿಯಬಹುದು.

ತಾನೇ ನಿಲ್ಲಿಸುವ ಪಂಪು

ಮಿನಿಮೆಡ್ 640ಜಿ ಥರದ ಪಂಪುಗಳು ಸೆನ್ಸರ್ ನೋಡಿ, ಇನ್ನು ಅರ್ಧ ಗಂಟೆಯೊಳಗೆ ಲೋ ಆಗುವ ಹಾಗಿದೆ ಅನ್ನಿಸಿದರೆ ಇನ್ಸುಲಿನ್ ನಿಲ್ಲಿಸುತ್ತವೆ, ಏರಿದಾಗ ಹೆಚ್ಚಿಸುವುದಿಲ್ಲ. ರಾತ್ರಿಯ ಲೋ ಒಂದೇ ಸಮಸ್ಯೆಯಾಗಿದ್ದವರಿಗೆ ಇವು ದೊಡ್ಡ ಆಸರೆಯಾಗಿದ್ದವು. ಇಂದು ಹೊಸದಾಗಿ ಕೊಳ್ಳುವವರಿಗೆ ಬೇಡ ಅನ್ನುತ್ತೇನೆ. ಸೆನ್ಸರ್ ಖರ್ಚು ಹೇಗೂ ಬರುತ್ತದೆ, ಅದರ ಅರ್ಧ ಫಲವನ್ನಷ್ಟೇ ಯಾಕೆ ಪಡೆಯಬೇಕು? ಯಾರಾದರೂ ಬಳಸಿದ ಪಂಪ್ ಕಡಿಮೆಗೆ ಕೊಡುತ್ತೇನೆಂದರೆ ವಾರಂಟಿ ಉಳಿದಿದೆಯೇ, ಅದಕ್ಕೆ ಹೊಂದುವ ಸೆನ್ಸರ್ ಇನ್ನೂ ಬರುತ್ತಿದೆಯೇ ಎಂದು ವಿಚಾರಿಸದೆ ಮುಂಗಡ ಕೊಡಬೇಡಿ.

ಹೈಬ್ರಿಡ್ ಪಂಪು

ಭಾರತದಲ್ಲಿ ಈ ಮಾತು ಬಂದರೆ ಸಾಮಾನ್ಯವಾಗಿ ಮಿನಿಮೆಡ್ 780ಜಿಯ ಹೆಸರೇ ಬರುತ್ತದೆ. ಯುರೋಪಿನಲ್ಲಿ 2020ರಲ್ಲಿ, ಅಮೆರಿಕದಲ್ಲಿ 2023ರ ಏಪ್ರಿಲಿನಲ್ಲಿ ಒಪ್ಪಿಗೆ ಪಡೆದ ಯಂತ್ರ. ಗುರಿಯನ್ನು 100, 110 ಅಥವಾ 120 ಎಂದು ಇಡಬಹುದು. ಬೇಸಲ್ (ದಿನವಿಡೀ ಸಣ್ಣಗೆ ಹನಿಯುವ ಇನ್ಸುಲಿನ್) ಹೆಚ್ಚುಕಡಿಮೆ ಮಾಡುವುದರ ಜೊತೆಗೆ ಐದು ನಿಮಿಷಕ್ಕೊಮ್ಮೆ ನೋಡಿ ಬೇಕಿದ್ದರೆ ತಿದ್ದುವ ಡೋಸನ್ನೂ ತಾನೇ ಕೊಡುತ್ತದೆ. ಆಟ, ಓಟಕ್ಕೆ ಹೋಗುವಾಗ ತಾತ್ಕಾಲಿಕ ಗುರಿ 150 ಇಡುವ ಸೌಲಭ್ಯವಿದೆ.

ನಮ್ಮ ಊಟದ ಪ್ರಶ್ನೆಗೆ ಕತಾರಿನ ದೋಹಾದಲ್ಲಿ ನಡೆದ ಒಂದು ಅಧ್ಯಯನ ತುಂಬ ಕೆಲಸಕ್ಕೆ ಬರುತ್ತದೆ. 12ರಿಂದ 18 ವರ್ಷದ ಮಕ್ಕಳಿಗೆ 780ಜಿ ಹಾಕಿ ಎರಡು ಗುಂಪು ಮಾಡಿದರು. ಒಂದು ಗುಂಪು ಪ್ರತಿ ಊಟದ ಕಾರ್ಬನ್ನು ನಿಖರವಾಗಿ ಎಣಿಸಿತು. ಇನ್ನೊಂದು ಗುಂಪು ಮೊದಲೇ ಗೊತ್ತುಮಾಡಿಕೊಂಡ ನಿಗದಿತ ಅಳತೆಗಳನ್ನಷ್ಟೇ ಒತ್ತಿತು. ಎಣಿಸಿದವರ ಟೈಮ್ ಇನ್ ರೇಂಜ್ ಶೇ. 80.3, ಅಳತೆ ಒತ್ತಿದವರದು ಶೇ. 73.5. ಎಣಿಸಿದರೆ ಹೆಚ್ಚು ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ಆದರೆ ಎಣಿಸದ ಮಕ್ಕಳೂ ಶೇ. 70ರ ಗೆರೆ ದಾಟಿದರು ಎನ್ನುವುದನ್ನು ಗಮನಿಸಿ. ಅಮ್ಮ ಶಾಲೆ ಕಲಿತವರಲ್ಲ, ನಮ್ಮಿಂದ ಪಂಪ್ ಆಗುವುದಿಲ್ಲ ಎಂದು ಕೈಚೆಲ್ಲುವ ಮನೆಗಳಿಗೆ ಇದನ್ನು ಹೇಳಲೇಬೇಕು. ದೊಡ್ಡ ಊಟ, ಸಣ್ಣ ಊಟ ಎಂದು ಒತ್ತುವುದನ್ನು ಹದಿನೈದು ದಿನದಲ್ಲಿ ಯಾರಾದರೂ ಕಲಿಯುತ್ತಾರೆ. ಕಲಿಯಲೇಬೇಕಾದ ಇನ್ನೊಂದು ಅಭ್ಯಾಸ, ಉಣ್ಣುವ 15 ನಿಮಿಷ ಮೊದಲು ಬೋಲಸ್, ಅಂದರೆ ಊಟದ ಡೋಸ್, ಒತ್ತುವುದು. ಮರೆತು ಉಂಡಾದ ಮೇಲೆ ಪೂರ್ತಿ ಒತ್ತಿದರೆ ಅಷ್ಟರಲ್ಲಿ ಯಂತ್ರವೂ ತನ್ನ ಪಾಲಿನದು ಕೊಟ್ಟಿರುತ್ತದೆ, ಎರಡೂ ಸೇರಿ ಎರಡು ಗಂಟೆಗೆ ಲೋ ಆಗುತ್ತದೆ.

ತುಪ್ಪ ಸುರಿದ ಬಿಸಿಬೇಳೆಬಾತ್, ಪೂರಿ, ಬಿರಿಯಾನಿಯಂಥ ಊಟದಲ್ಲಿ ಶುಗರ್ ಮೂರು ಗಂಟೆ ಕಳೆದು ಏರುತ್ತದೆ. ಹಳೆಯ ಪಂಪುಗಳಲ್ಲಿ ಡೋಸನ್ನು ಎಳೆದು ನಿಧಾನವಾಗಿ ಕೊಡುವ ಆಯ್ಕೆ ಇತ್ತು. 780ಜಿ ತನ್ನಷ್ಟಕ್ಕೆ ನಡೆಯುವಾಗ ಅದು ಸಿಗುವುದಿಲ್ಲ, ಯಂತ್ರದ ತಿದ್ದುಪಡಿಯನ್ನೇ ನಂಬಬೇಕು. ನನ್ನ ಕಣ್ಣಿಗೆ ಇದು ಸಣ್ಣ ಕೊರತೆ, ಹಬ್ಬದ ದಿನಕ್ಕಷ್ಟೇ ಕಾಣುವಂಥದ್ದು.

ಈಗ ಪಂಪಿನವರು ಯಾರೂ ಒತ್ತಿ ಹೇಳದ ಮೂರು ವಿಷಯ.

ಪಂಪಿನಲ್ಲಿ ಇರುವುದು ವೇಗದ ಇನ್ಸುಲಿನ್ ಮಾತ್ರ, ಮೈಯಲ್ಲಿ ದೀರ್ಘಾವಧಿಯ ದಾಸ್ತಾನು ಇರುವುದಿಲ್ಲ. ಕ್ಯಾನುಲಾ ಮಡಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಕೀಟೋನ್ (ಇನ್ಸುಲಿನ್ ಇಲ್ಲದಾಗ ರಕ್ತದಲ್ಲಿ ಸೇರುವ ಅಪಾಯದ ಆಮ್ಲ) ಏರತೊಡಗುತ್ತದೆ. ಒಂದು ಮದುವೆಯ ಹಿಂದಿನ ರಾತ್ರಿ ನನಗೆ ಹಾಗಾಯಿತು. ಪಂಪ್ ಹನಿಸುತ್ತಿದ್ದೇನೆ ಎನ್ನುತ್ತಿತ್ತು, ಶುಗರ್ 380, ಹೊಟ್ಟೆ ತೊಳಸುತ್ತಿತ್ತು. ಕಿತ್ತು ನೋಡಿದರೆ ಕ್ಯಾನುಲಾ ಮೊಣಕೈಯಂತೆ ಬಾಗಿತ್ತು. ಚೀಲದಲ್ಲಿ ಪೆನ್ ಇದ್ದದ್ದರಿಂದ ಬೆಳಿಗ್ಗೆ ಧಾರೆಗೆ ನಿಂತೆ. ಪಂಪ್ ಹಾಕಿದವರ ಚೀಲದಲ್ಲಿ ಪೆನ್ನು, ಸೂಜಿ, ಮೀಟರು, ಕೀಟೋನ್ ಪಟ್ಟಿ, ಇನ್ನೊಂದು ಸೆಟ್ ಸದಾ ಇರಲೇಬೇಕು. ಪೆನ್ನಿನ ಡೋಸ್ ಎಷ್ಟೆಂದು ಡಾಕ್ಟರಿಂದ ಬರೆಸಿ ಅದರೊಳಗೇ ಇಟ್ಟುಕೊಳ್ಳಿ.

ಎರಡನೆಯದು ನಮ್ಮ ದೇಶದ್ದೇ ಅಪಾಯ. ಇಂದು ಸಿಗುವ ಪಂಪುಗಳು ಮಿಲಿಲೀಟರಿಗೆ 100 ಯೂನಿಟ್ ಇರುವ ಇನ್ಸುಲಿನ್ನಿಗೆ ಮಾಡಿದವು. ನಮ್ಮ ಮೆಡಿಕಲ್ ಶಾಪುಗಳಲ್ಲಿ 40 ಯೂನಿಟ್ಟಿನ ಬಾಟಲಿಗಳೂ ಧಾರಾಳವಾಗಿ ಇವೆ. ನನ್ನ ಇನ್ಸುಲಿನ್ ಸಿಗದ ಒಂದು ಭಾನುವಾರ, ಸಿಕ್ಕ ಬಾಟಲಿಯನ್ನು ನೋಡದೆ ತುಂಬಿಸಿಬಿಟ್ಟೆ. ಅದು 40ರದ್ದು. ಪಂಪ್ ಹತ್ತು ಯೂನಿಟ್ ಕೊಟ್ಟೆ ಅಂದರೆ ಮೈಗೆ ಸೇರುತ್ತಿದ್ದದ್ದು ನಾಲ್ಕು. ಕಾರಣ ಹೊಳೆಯುವುದಕ್ಕೆ ಅರ್ಧ ದಿನ ಹಿಡಿಯಿತು. ಬಾಟಲಿಯ ಮೇಲಿನ ಅಂಕಿಯನ್ನು ಮನೆಯ ಇಬ್ಬರು ಓದಿ ಆಮೇಲೆ ತುಂಬಿಸಿ.

ಮೂರನೆಯದು ಬಿಸಿಲು. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ಮೈಗೆ ಅಂಟಿಕೊಂಡ ಪಂಪಿನೊಳಗಿನ ಇನ್ಸುಲಿನ್ ಕೂಡ ಕಾಯುತ್ತದೆ. ಹೊಲದಲ್ಲಿ, ಬೈಕಿನಲ್ಲಿ ಓಡಾಡುವವರು ಪಂಪನ್ನು ಅಂಗಿಯ ಒಳಗಿಡಬೇಕು, ರಿಸರ್ವಾಯರನ್ನು ಒಂದು ದಿನ ಮುಂಚೆಯೇ ಬದಲಿಸಬೇಕು. ಆ ಲೆಕ್ಕ ತಿಂಗಳ ಖರ್ಚಿಗೂ ಸೇರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಮುಚ್ಚಿಡಲಾರೆ. ಇಂಥ ಪಂಪ್ ಹಾಕಿದ ಮೊದಲ ತಿಂಗಳು ಬೆಳಿಗ್ಗೆ ಎದ್ದು 112 ನೋಡಿದಾಗ ನನ್ನ ಹೆಂಡತಿ ಅತ್ತಳು. ಹನ್ನೊಂದು ವರ್ಷ ನನ್ನ ಹಣೆ ಮುಟ್ಟಿ ಬೆವರಿದೆಯೇ ಎಂದು ರಾತ್ರಿ ನೋಡುತ್ತಿದ್ದವಳು. ಖರ್ಚು ತೂಗಿಸಬಲ್ಲ ಮನೆಗೆ ಈ ಯಂತ್ರ ಕೊಡುವ ದೊಡ್ಡ ವರ ಆ ನಿದ್ದೆ.

ಹೊರದೇಶದಲ್ಲಿರುವವರಿಗೆ

ಡಲ್ಲಾಸ್‌ಗೆ ಹೊರಟವರಿಗೆ ಆಯ್ಕೆ ಹೆಚ್ಚು. ಟ್ಯಾಂಡಮ್ ಟಿ:ಸ್ಲಿಮ್ ಎಕ್ಸ್2ರ ಕಂಟ್ರೋಲ್-ಐಕ್ಯೂಗೆ 2019ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. 168 ಜನರ ಅಧ್ಯಯನದಲ್ಲಿ ಇದನ್ನು ಹಾಕಿದವರ ಟೈಮ್ ಇನ್ ರೇಂಜ್ ಶೇ. 61ರಿಂದ 71ಕ್ಕೆ ಏರಿತು, ಹಾಕದವರದು 59ರಲ್ಲೇ ನಿಂತಿತು. ಮಲಗುವಾಗ ಬೇರೆ, ವ್ಯಾಯಾಮಕ್ಕೆ ಬೇರೆ ಗುರಿ ಇಟ್ಟುಕೊಳ್ಳಬಹುದು. ನಳಿಕೆಯೇ ಬೇಡ ಎನ್ನುವವರಿಗೆ ಓಮ್ನಿಪಾಡ್ 5. ಮೈಗೆ ಅಂಟುವ ಪಾಡ್‌ನಲ್ಲಿ 200 ಯೂನಿಟ್, ಮೂರು ದಿನಕ್ಕೊಮ್ಮೆ ಕಿತ್ತೆಸೆದು ಹೊಸದು. ಅದು ಬಂದಾಗ ಗುರಿ 110ರಿಂದ 150ರೊಳಗೆ ಮಾತ್ರ ಇತ್ತು, ಹಾಗಾಗಿ ಬಿಗಿ ಹಿಡಿತ ಬಯಸುವವರಿಗೆ ಸ್ವಲ್ಪ ಸಡಿಲ ಅನ್ನಿಸುತ್ತಿತ್ತು. ಪುಟ್ಟ ಮಕ್ಕಳಿಗೆ, ಈಜುವವರಿಗೆ, ಸೀರೆಯಲ್ಲಿ ಪಂಪ್ ಸಿಕ್ಕಿಸಲು ಜಾಗ ಹುಡುಕುವವರಿಗೆ ನನ್ನ ಮತ ಅದಕ್ಕೇ.

ಲೆಕ್ಕವೇ ಬೇಡ ಎನ್ನುವವರಿಗೆ ಐಲೆಟ್ ಇದೆ, 2023ರಲ್ಲಿ ಬಂತು. ಟೈಪ್ ಒನ್ ಇರುವ ಮಗನ ತಂದೆ, ಬಾಸ್ಟನ್ ವಿಶ್ವವಿದ್ಯಾಲಯದ ಎಡ್ ಡಮಿಯಾನೊ ಇದರ ಹಿಂದಿನವರು. ದೇಹತೂಕವೊಂದನ್ನು ಹೇಳಿದರೆ ಶುರುವಾಗುತ್ತದೆ, ಊಟಕ್ಕೆ ಎಂದಿನಷ್ಟೇ, ಹೆಚ್ಚು, ಕಡಿಮೆ ಎಂದರೆ ಸಾಕು. ಅಧ್ಯಯನದಲ್ಲಿ 13 ವಾರಕ್ಕೆ ಮೂರು ತಿಂಗಳ ಸರಾಸರಿ 7.9ರಿಂದ 7.3ಕ್ಕೆ ಇಳಿಯಿತು. ಎಲ್ಲವನ್ನೂ ತಾವೇ ತಿರುಗಿಸಿ ತಿದ್ದಬೇಕು ಅನ್ನುವವರಿಗೆ ಇದು ಹಿಡಿಸದು, ಯಾಕೆಂದರೆ ತಿರುಗಿಸಲು ಗುಂಡಿಗಳೇ ಇಲ್ಲ. ಇಂಗ್ಲೆಂಡಿನಲ್ಲಿರುವವರು ಒಂದು ತಿಳಿದಿರಲಿ: ಯಾವ ಚಿಕಿತ್ಸೆ ಕೊಡಬೇಕೆಂದು ಹೇಳುವ ಅಲ್ಲಿನ ನೈಸ್ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೈಬ್ರಿಡ್ ವ್ಯವಸ್ಥೆಗೆ ಶಿಫಾರಸು ಮಾಡಿತು, ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ 2024ರ ಏಪ್ರಿಲಿನಿಂದ ಹಂತಹಂತವಾಗಿ ಕೊಡತೊಡಗಿದೆ. ಕೈಯಿಂದ ದುಡ್ಡು ಹಾಕುವ ಮುಂಚೆ ಕೇಳಿ.

ಎಲ್ಲೇ ಇರಿ, ಎರಡು ವರ್ಷದಲ್ಲಿ ಊರಿಗೆ ಮರಳುವ ಯೋಚನೆ ಇದ್ದರೆ ಇಲ್ಲಿ ಅಧಿಕೃತವಾಗಿ ಸೆನ್ಸರ್, ಸೆಟ್ ಸಿಗುವ ಯಂತ್ರವನ್ನೇ ಆರಿಸಿ. ರಜೆಗೆ ಬರುವಾಗ ಬೇಕಾದ್ದರ ಎರಡರಷ್ಟು ತನ್ನಿ, ಅದೂ ಕೈಚೀಲದಲ್ಲಿ.

ಹುಬ್ಬಳ್ಳಿಯ ಅಧ್ಯಾಪಕಿಗೆ ಬೇರೆಯೇ ಮಾತು. ಬಸಿರಿನಲ್ಲಿ ಗುರಿ 63ರಿಂದ 140, ಬಹಳ ಬಿಗಿ. ಕೇಂಬ್ರಿಜ್‌ನ ರೋಮನ್ ಹೊವೊರ್ಕಾ ಅವರ ತಂಡದ ಕ್ಯಾಮ್‌ಎಪಿಎಸ್ ಎಫ್‌ಎಕ್ಸ್ ಎಂಬ, ಪಂಪ್ ನಡೆಸುವ ಫೋನ್ ಆ್ಯಪ್ ಒಂದು ವರ್ಷದ ಮಗುವಿನಿಂದ ಹಿಡಿದು ಬಸುರಿಯರವರೆಗೆ ಯುರೋಪಿನಲ್ಲಿ ಒಪ್ಪಿಗೆ ಪಡೆದಿದೆ. 124 ಬಸುರಿಯರ ಅಧ್ಯಯನದಲ್ಲಿ ಇದನ್ನು ಬಳಸಿದವರು ದಿನದ ಶೇ. 68.2 ಹೊತ್ತು ಆ ಬಿಗಿ ಗೆರೆಯೊಳಗಿದ್ದರು, ಉಳಿದವರು ಶೇ. 55.6. ಅದು ಕೈಗೆಟುಕದಿದ್ದರೂ ಎದೆಗುಂದಬೇಕಿಲ್ಲ. ಬಸಿರು ನಿಲ್ಲುವ ಆರು ತಿಂಗಳು ಮುಂಚೆಯೇ ಸೆನ್ಸರ್ ಹಾಕಿ, ಮಗು ಬೇಕೆಂದಿರುವ ವಿಷಯವನ್ನು ಡಾಕ್ಟರಿಗೆ ಈಗಲೇ ತಿಳಿಸಿ. ಪಂಪ್ ಹಾಕುವುದಿದ್ದರೂ ಈಗಲೇ ಹಾಕಿ, ಮೂರನೇ ತಿಂಗಳ ವಾಂತಿಯ ನಡುವೆ ಹೊಸ ಯಂತ್ರ ಕಲಿಯುವುದು ಯಾರಿಗೂ ಬೇಡ.

ತಾವೇ ಕಟ್ಟಿಕೊಂಡವರ ದಾರಿ

ಕಂಪನಿಗಳಿಗಾಗಿ ಕಾಯದೆ ರೋಗಿಗಳೇ ಮಾಡಿದ ದಾರಿಯೊಂದಿದೆ. ಅಮೆರಿಕದ ಡೇನಾ ಲೂಯಿಸ್ ಗಾಢ ನಿದ್ದೆಯವರು, ಸೆನ್ಸರಿನ ಅಲಾರಂ ಅವರನ್ನು ಎಬ್ಬಿಸುತ್ತಿರಲಿಲ್ಲ. ಅಲಾರಂ ಜೋರು ಮಾಡಲು ಹೊರಟ ಕೆಲಸ ಬೆಳೆಯುತ್ತಾ ಹೋಗಿ, ಅವರೂ ಸ್ಕಾಟ್ ಲೀಬ್ರಾಂಡ್ ಮತ್ತಿತರರೂ ಸೇರಿ 2015ರಲ್ಲಿ ಪಂಪ್ ನಡೆಸುವ ಪ್ರೋಗ್ರಾಂ ಓಪನ್‌ಎಪಿಎಸ್ ಅನ್ನು ಎಲ್ಲರಿಗೂ ತೆರೆದಿಟ್ಟರು. ಅದರ ಬೇರಿನಿಂದಲೇ ಬಂದದ್ದು ಆ್ಯಂಡ್ರಾಯ್ಡ್‌ಎಪಿಎಸ್. ನ್ಯೂಜಿಲೆಂಡಿನಲ್ಲಿ 97 ಜನರ ಮೇಲೆ ಅದರ ಒಂದು ರೂಪವನ್ನು ಪರೀಕ್ಷಿಸಿದರು, 2022ರಲ್ಲಿ ಪ್ರಕಟವಾಯಿತು. ಬಳಸಿದವರು ಬಳಸದವರಿಗಿಂತ ದಿನಕ್ಕೆ 3 ಗಂಟೆ 21 ನಿಮಿಷ ಹೆಚ್ಚು ಹೊತ್ತು ಗೆರೆಯೊಳಗಿದ್ದರು. ಈ ಅಂಕಿ ಕಂಪನಿ ಯಂತ್ರಗಳ ಅಂಕಿಗಿಂತ ಕಡಿಮೆಯೇನಲ್ಲ.

ನನಗೆ ಈ ಜನರ ಮೇಲೆ ಅಪಾರ ಗೌರವ. ಆದರೂ ದಾವಣಗೆರೆಯ ತಂದೆಗೆ ಇದನ್ನು ಹೇಳಲಾರೆ. ಆ್ಯಪನ್ನು ನೀವೇ ಕಟ್ಟಿಕೊಳ್ಳಬೇಕು, ಹೊಂದುವ ಪಂಪ್ ಹುಡುಕಬೇಕು, ಬೇಸಲ್, ಬೋಲಸ್, ಸೆನ್ಸಿಟಿವಿಟಿ (ಒಂದು ಯೂನಿಟ್ ಎಷ್ಟು ಶುಗರ್ ಇಳಿಸುತ್ತದೆ ಎನ್ನುವುದು) ಅಂಕಿಗಳನ್ನು ಅರಿತಿರಬೇಕು, ಕೆಟ್ಟರೆ ಹೊಣೆ ನಿಮ್ಮದೇ. ಮನೆಯಲ್ಲಿ ಕಂಪ್ಯೂಟರ್ ಬಲ್ಲವರಿದ್ದು ಜೊತೆಗೆ ನಿಲ್ಲುವ ಡಾಕ್ಟರ್ ಇದ್ದರೆ ಮಾತ್ರ ಈ ದಾರಿ. ಹಾಸ್ಟೆಲ್ ಹುಡುಗ ಇನ್ನೆರಡು ವರ್ಷದಲ್ಲಿ ಇಲ್ಲಿಗೆ ಬಂದರೆ ನನಗೆ ಆಶ್ಚರ್ಯವಾಗದು.

ದಾವಣಗೆರೆಯ ತಂದೆಗೆ ಬರೆದದ್ದು

ಹೊಲ ಕೊಡಬೇಡಿ ಎಂದು ಬರೆದೆ. ಹೊಲ ಮಾರಿದ ದುಡ್ಡಿಗೆ ಪಂಪ್ ಬರುತ್ತದೆ, ಎರಡನೇ ವರ್ಷದ ಸೆನ್ಸರ್ ಬರುವುದಿಲ್ಲ, ಆಗ ಹೊಲವೂ ಇಲ್ಲ. ಮೂರು ತಿಂಗಳು ಅಲಾರಂ ಇರುವ ಸೆನ್ಸರ್ ಹಾಕಿ, ರಾತ್ರಿ ಎರಡರ ಅಲಾರಂ ತೆಗೆದುಬಿಡಿ, ಸೆನ್ಸರ್ ಕೂಗಿದರೆ ಮಾತ್ರ ಏಳಿ. ಮಗಳ ಟೈಮ್ ಇನ್ ರೇಂಜ್ ಬರೆದಿಡಿ. ಆ ಮೂರು ತಿಂಗಳಲ್ಲಿ ಸೆನ್ಸರ್ ಖರ್ಚನ್ನು ಸಾಲವಿಲ್ಲದೆ ತೂಗಿಸಲು ಆಯಿತೇ ಎಂಬುದು ನಿಮಗೇ ಗೊತ್ತಾಗುತ್ತದೆ. ಆಗಿ, ಲೋಗಳು ಇನ್ನೂ ಕಾಡುತ್ತಿದ್ದರೆ ಪಂಪಿನವರನ್ನು ಮನೆಗೆ ಕರೆಯಿರಿ. ಮಗಳ ಮೈಮೇಲೆ ಒಂದು ವಾರ ಹಾಕಿ ತೋರಿಸಲು ಹೇಳಿ. ವಿಮೆ ಏನಾದರೂ ಇದ್ದರೆ ಸೆನ್ಸರ್, ಸೆಟ್ಟಿಗೆ ಕೊಡುತ್ತೀರಾ ಎಂದು ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ. ಶಾಲೆಯ ಟೀಚರಿಗೆ ಅಲಾರಂ ಅರ್ಥ ಹೇಳಿಕೊಡಲು ಪಂಪಿನವರೇ ಬರುತ್ತಾರೆಯೇ ಎಂದು ವಿಚಾರಿಸಿ.

ಅವರು ಮರುದಿನವೇ ಫೋನ್ ಮಾಡಿ, "ಕೊನೆಗೆ ಒಂದೇ ಪ್ರಶ್ನೆ ಕೇಳೋದಾದ್ರೆ ಏನ್ ಕೇಳ್ಲಿ ಸಾರ್?" ಅಂದರು. ಶನಿವಾರ ರಾತ್ರಿ ಹತ್ತಕ್ಕೆ ನಮ್ಮೂರಿನಲ್ಲಿ ಪಂಪ್ ನಿಂತುಹೋದರೆ ಬದಲಿ ಪಂಪ್ ಎಲ್ಲಿಂದ, ಯಾರು, ಎಷ್ಟು ಗಂಟೆಯೊಳಗೆ ತರುತ್ತಾರೆ, ಅದನ್ನು ಕೇಳಿ ಅಂದೆ. ಚೀಟಿಯಲ್ಲಿ ಬರೆದುಕೊಂಡರು.